ಬರೆಯದೆ ಬಿಟ್ಟ ಕೊಸರು

ಹುಮನಾಬಾದಿನ ಹೊರಗೆ ಕಾರ್ಖಾನೆಗಳ ಸಾಲಿನಲ್ಲಿರುವ ನಮ್ಮ ಘಟಕಕ್ಕೆ ಅವರು ಬರುತ್ತಿದ್ದುದು ಬಸವಕಲ್ಯಾಣದಿಂದ ಬೆಳಗ್ಗೆ ಹೊರಡುವ ಎರಡನೆಯ ಬಸ್ಸಿಗೆ. ಮೊದಲನೆಯದಕ್ಕೆ ಯಾಕೆ ಬರುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. "ಅದರಾಗ ಹಾಲಿನ ಕ್ಯಾನ್ ಇರ್ತಾವ್ರಿ. ಅಂಗಿ ಮ್ಯಾಲ ಕಲಿ ಬೀಳ್ತಾವ" ಎಂದರು. ಒಳಗೆ ಹೋಗುವ ಮುಂಚೆ ಎಲ್ಲರೂ ಅಂಗಿ ಬದಲಿಸಲೇಬೇಕು, ಮೇಲೆ ಬಿಳಿ ಗೌನು ಹಾಕಲೇಬೇಕು. ಆದರೂ ಕಲೆಬಿದ್ದ ಅಂಗಿಯಲ್ಲಿ ಗೇಟು ದಾಟುವುದು ಅವರಿಗೆ ಒಗ್ಗುತ್ತಿರಲಿಲ್ಲ.

ಹೋದ ತಿಂಗಳು ಅದೇ ಎರಡನೆಯ ಬಸ್ಸಿನಲ್ಲಿ ಬಂದ ಪ್ಯಾಕಿಂಗ್ ವಿಭಾಗದ ಹೆಣ್ಣುಮಗಳೊಬ್ಬಳು ಅವರು ತೀರಿಕೊಂಡ ಸುದ್ದಿ ತಂದಳು. ನಾನಾಗ ತೂಕದ ಯಂತ್ರವನ್ನು ಸರಿಹೊಂದಿಸುತ್ತಿದ್ದೆ. ಸುದ್ದಿ ಕೇಳಿಸಿಕೊಂಡು, ಉಳಿದಿದ್ದ ಮೂರು ತೂಕದ ಬಟ್ಟುಗಳನ್ನೂ ಇಟ್ಟು ನೋಡಿ, ಪುಸ್ತಕದಲ್ಲಿ ಬರೆದು ಆಮೇಲೆ ಎದ್ದೆ. ನೋಡಿದವರು ನನ್ನನ್ನು ಕಲ್ಲುಮನಸ್ಸಿನವಳು ಎಂದುಕೊಂಡಿರಬಹುದು. ಅರ್ಧಕ್ಕೆ ಬಿಟ್ಟು ಎದ್ದಿದ್ದರೆ ಆ ಹೋದವರೇ ನನ್ನನ್ನು ಬೈಯುತ್ತಿದ್ದರು.

ನಮ್ಮಲ್ಲಿ ತಯಾರಾಗುವುದು ಚಾಪೆಯಂತೆ ಸುತ್ತಿಡಬಹುದಾದ ಸೌರಹಾಳೆ. ಮನೆಯ ಮಾಳಿಗೆಯ ಮೇಲೆ ಕೂರಿಸುವ ಗಾಜಿನ ಫಲಕವಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ಪೆರೋಸ್ಕೈಟ್ ಎಂಬ, ಸೀಸ ಬೆರೆತ ವಸ್ತುವಿನ ದ್ರಾವಣವನ್ನು ತೆಳ್ಳಗೆ ಬಳಿದು ಒಣಗಿಸುತ್ತೇವೆ. ಬಳಿದಾಗ ಹಳದಿ, ಒಣಗಿ ಹರಳುಗಟ್ಟಿದಾಗ ಕಡುಕಂದು. ಆ ಕಂದು ಪದರ ಬಿಸಿಲಿಗೆ ವಿದ್ಯುತ್ ಕೊಡುತ್ತದೆ. ಅಂಚೆಚೀಟಿಯಷ್ಟಗಲ ಮಾಡುವುದು ದೊಡ್ಡ ಮಾತಲ್ಲ. ಹೈದರಾಬಾದಿನ ಪ್ರಯೋಗಾಲಯದಲ್ಲಿದ್ದಾಗ ನಾನೇ ನೂರಾರು ಮಾಡಿದ್ದೆ. ಓಡುವ ಉರುಳೆಯ ಮೇಲೆ ನೂರು ಮೀಟರ್ ಬಳಿಯುವುದು ಬೇರೆಯೇ ಕತೆ. ಒಂದು ಕಡೆ ಬೇಗ ಒಣಗುತ್ತದೆ, ಇನ್ನೊಂದು ಕಡೆ ತಡವಾಗುತ್ತದೆ. ಹರಳು ಒಂದೆಡೆ ದಪ್ಪ, ಒಂದೆಡೆ ಸಣ್ಣ. ಮಡಿಸಿದರೆ ಬಿರುಕು. ಇದಕ್ಕೆ ಮದ್ದೆಂದರೆ ದ್ರಾವಣಕ್ಕೆ ಬೆರೆಸುವ ಒಂದು ಬಿಳಿ ಪುಡಿ. ಅದು ಹರಳುಗಟ್ಟುವ ಅವಸರವನ್ನು ತಡೆದು, ಎಲ್ಲ ಕಡೆ ಒಂದೇ ಸಮ ಕಟ್ಟುವಂತೆ ಮಾಡುತ್ತದೆ. ಕಡತದಲ್ಲಿ ಅದರ ಹೆಸರು ಅಡಿಟಿವ್. ಅವರ ಬಾಯಲ್ಲಿ ಬರೀ ಪುಡಿ.

ಪುಡಿಯ ಕೆಲಸವನ್ನು ಅವರಿಗೆ ಬಿಡಿಸಿ ಹೇಳಲು ನಾನು ಬಿಳಿ ಹಲಗೆಯ ಮೇಲೆ ಚಿತ್ರ ಬರೆದು ಅರ್ಧ ಗಂಟೆ ತೆಗೆದುಕೊಂಡೆ. ಕೊನೆಗೆ ಅವರು, "ಸಕ್ರಿ ಪಾಕಕ್ಕ ನಿಂಬಿಹುಳಿ ಹಿಂಡಿದಂಗ ಅನ್ರಿ. ಹಿಂಡಲಿಲ್ಲಂದ್ರ ಪಾಕ ಜಲ್ದಿ ಹರಳಾಗ್ತದ" ಎಂದರು. ಹಲಗೆ ಒರೆಸಿಬಿಟ್ಟೆ.

ಅವರು ಓದಿದ್ದು ಹತ್ತನೆಯ ತರಗತಿ. ನಮ್ಮಲ್ಲಿಗೆ ಬರುವ ಮುಂಚೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಿಸ್ಕತ್ತು, ಚಹಾಪುಡಿಗಳ ಪೊಟ್ಟಣದ ಹಾಳೆ ಅಚ್ಚುಮಾಡುವ ಕಾರ್ಖಾನೆಯೊಂದರಲ್ಲಿ ಉರುಳೆ ಯಂತ್ರ ನಡೆಸುತ್ತಿದ್ದರು. ಅದು ಮುಚ್ಚಿದ ಹೊತ್ತಿಗೆ ನಾವು ಹಾಳೆಯನ್ನು ಸುಕ್ಕಿಲ್ಲದೆ ಓಡಿಸಬಲ್ಲವರನ್ನು ಹುಡುಕುತ್ತಿದ್ದೆವು. ಸಂದರ್ಶನದಲ್ಲಿ ಪೆರೋಸ್ಕೈಟ್ ಬಗ್ಗೆ ಏನು ಗೊತ್ತು ಎಂದು ಕೇಳಿದೆ. "ಏನೂ ಗೊತ್ತಿಲ್ರಿ. ಹಾಳಿ ಗೊತ್ತದ" ಎಂದರು. ಆ ಉತ್ತರಕ್ಕೇ ಅವರನ್ನು ತೆಗೆದುಕೊಂಡೆ.

ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು ಬರುತ್ತಿದ್ದರು. ಮೊದಲ ವಾರವೇ ನಾನು ತೊಡರುಗಾಲು ಹಾಕಬೇಕಾಯಿತು. ವಿಭೂತಿಯ ಒಂದು ಕಣ ಹಸಿ ಪದರದ ಮೇಲೆ ಬಿದ್ದರೆ ಅಲ್ಲೊಂದು ತೂತು. ಹೇಳುವುದು ಹೇಗೆಂದು ಎರಡು ದಿನ ತಡವರಿಸಿದೆ. ಅವರೇ ಮೂರನೆಯ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಹಣೆ ತೊಳೆದುಕೊಂಡು ಒಳಗೆ ಬಂದರು. ಸಂಜೆ ಹೊರಗೆ ಹೋಗುವಾಗ ಪುಟ್ಟ ಡಬ್ಬಿ ತೆಗೆದು ಮತ್ತೆ ಹಚ್ಚಿಕೊಂಡರು. "ದೇವರು ಹೊರಗ ಕುಂತು ದಾರಿ ನೋಡ್ತಾನ್ರಿ. ಅವಗೇನು ಡ್ಯೂಟಿ ಇಲ್ಲ" ಎಂದರು. ಅವರು ನಕ್ಕರೋ ಇಲ್ಲವೋ ಎಂದು ಹೇಳುವುದು ಕಷ್ಟವಿತ್ತು. ಮೀಸೆ ದಪ್ಪ.

ಪ್ರತಿ ಉರುಳೆ ಮುಗಿದ ಮೇಲೆ ತುದಿಯಿಂದ ಒಂದು ಪಟ್ಟಿ ಕತ್ತರಿಸಿ, ಕೈಗವಸಿನ ಮೇಲೆಯೇ ಕಿರುಬೆರಳಿಗೆ ಸುತ್ತಿ, ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಬಿರುಕು ಬಿಟ್ಟರೆ ಕೇಳಿಯೂ ಕೇಳದಂಥ ಸದ್ದಾಗುತ್ತದಂತೆ. ನನಗೆ ಒಂದು ದಿನವೂ ಕೇಳಿಸಲಿಲ್ಲ. "ಮಾತಾಡಾಕತ್ತದ" ಎಂದರೆ ಕೆಟ್ಟಿದೆ. "ಸುಮ್ಮನದ" ಎಂದರೆ ಒಳ್ಳೆಯದು. ಅದೇ ಪಟ್ಟಿಯನ್ನು ನಾನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದು ಗಂಟೆಯ ನಂತರ ಅವರು ಹೇಳಿದ್ದನ್ನೇ ವರದಿಯಾಗಿ ಬರೆಯುತ್ತಿದ್ದೆ.

ಅವರ ಇನ್ನೊಂದು ಚಟ ಬರೆಯುವುದು. ಏನಾದರೂ ಹೆಚ್ಚುಕಡಿಮೆಯಾದರೆ ತುಂಬಲು ನಮ್ಮಲ್ಲಿ ಒಂದು ನಮೂನೆ ಇದೆ. ಏನಾಯಿತು, ಯಾಕಾಯಿತು, ಯಾರಿಂದ ಎಂದು ಮೂರು ಕಾಲಂ. ಬೇರೆಯವರು ಅದನ್ನು ಕಂಡರೆ ಹಾವು ತುಳಿದಂತೆ ಹಾರುತ್ತಾರೆ. ಅವರು ತಾವಾಗಿ ಕೇಳಿ ಪಡೆದು ತುಂಬುತ್ತಿದ್ದರು. "ಮೂರು ಗಂಟೆ ನಲವತ್ತಕ್ಕೆ ಸೀನು ಬಂತು, ಮುಖ ತಿರುಗಿಸಿದೆ, ಆದರೂ ಬರೆದಿರುವೆ" ಎಂದು ಒಂದರಲ್ಲಿ ಇತ್ತು. 'ಯಾರಿಂದ' ಎಂಬಲ್ಲಿ ಪೂರ್ತಿ ಹೆಸರು, ತಂದೆಯ ಹೆಸರು, ಊರು. ಸೀನಿಗೆ ಇಷ್ಟೆಲ್ಲ ಬೇಡ ಎಂದೆ. "ನನ್ನ ಕೈಲೆ ಆದದ್ದು ನನ್ನ ಹೆಸರಿಲೆ ಇರಬೇಕ್ರಿ. ಚಲೋ ಆದದ್ದು, ಕೆಟ್ಟದ್ದು, ಎರಡೂ" ಎಂದರು.

ಮಧ್ಯಾಹ್ನ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯೆ. ಊಟದ ಹೊತ್ತಿನಲ್ಲಿ ಅವರ ತಂದೆಯ ಅಂಗಡಿ ಹೊರಬರುತ್ತಿತ್ತು. ಬಸವಕಲ್ಯಾಣದ ಪೇಟೆಯಲ್ಲಿ ಕಾಳುಕಡಿ ಅಂಗಡಿ. ಅವರು ಹುಡುಗನಾಗಿದ್ದಾಗ ಮುಡಬಿಯಿಂದ ಬಂದ ಹೆಂಗಸೊಬ್ಬಳಿಗೆ ತೊಗರಿ ತೂಗಿ ಕೊಟ್ಟರಂತೆ. ತೂಕ ಸರಿಯಾಗಿತ್ತು, ಆಕೆ ಹೊರಟೂ ಹೋಗಿದ್ದಳು. ತಂದೆ ಒಳಗಿನಿಂದ ನೋಡಿದವರು ಎದ್ದುಬಂದು, ಚೌಕದ ತನಕ ಓಡಿಹೋಗಿ ಆಕೆಯನ್ನು ಕರೆದುತರಲು ಹೇಳಿದರು. ಬಂದವಳ ಸೆರಗಿಗೆ ಮೇಲೊಂದು ಹಿಡಿ ಹಾಕಿ ಕಳಿಸಿದರು. ಕೊಸರು ಕೊಡದೆ ಗಿರಾಕಿಯನ್ನು ಕಳಿಸಿದ್ದೀಯಲ್ಲ ಎಂದು ಮಗನಿಗೆ ಒಂದು ಏಟು ಬಿತ್ತು. "ತೂಕ ಗಿರಾಕಿದು, ಕೊಸರು ನಮ್ಮದು ಅಂತಿದ್ದರ್ರಿ ನಮ್ಮಪ್ಪ" ಎಂದು ರೊಟ್ಟಿ ಮುರಿದರು. ನಾನೂ ತಲೆಯಾಡಿಸಿ ಪಲ್ಯೆ ಹಾಕಿಸಿಕೊಂಡೆ. ಕೇಳಲು ಚೆನ್ನಾಗಿತ್ತು, ಅಷ್ಟೆ.

ಪುಡಿ ತೂಗುವ ಕೋಣೆ ಚಿಕ್ಕದು. ಇಬ್ಬರು ನಿಂತರೆ ಉಸಿರಿನ ತೇವಕ್ಕೇ ಪುಡಿ ಗಂಟುಕಟ್ಟುತ್ತದೆ. ಆದ್ದರಿಂದ ಒಬ್ಬರೇ ಹೋಗಬೇಕೆಂಬ ನಿಯಮವನ್ನು ನಾನೇ ಮಾಡಿದ್ದೆ. ಒಂದು ಪಾತ್ರೆ ದ್ರಾವಣಕ್ಕೆ ಹತ್ತು ಗ್ರಾಂ. ಈ ಹತ್ತು ನಾನು ಅಂಚೆಚೀಟಿಯ ಅಳತೆಯಲ್ಲಿ ಕಂಡುಹಿಡಿದ ಲೆಕ್ಕ. ಉದ್ದನೆಯ ಹಾಳೆಗೆ ಅದು ನಡೆಯಲಾರದು, ಬದಲಿಸಬೇಕಾದೀತು ಎಂದು ಪುಣೆಯ ಮುಖ್ಯ ಕಚೇರಿಯಲ್ಲಿ ಎಲ್ಲರೂ ಹೇಳಿದ್ದರು. ಅವರು ತೂಗಿ, ಬೆರೆಸಿ, ಬಳಿದ ಮೊದಲ ಉರುಳೆಯೇ ಸುಮ್ಮನಿತ್ತು. ಎರಡನೆಯದೂ, ಹತ್ತನೆಯದೂ. ನಾನು ಪುಣೆಗೆ ಹೋಗಿ, ಪ್ರಯೋಗಾಲಯದ ಹತ್ತೇ ಕಾರ್ಖಾನೆಯ ಹತ್ತು ಎಂದು ಎದೆ ಸೆಟೆಸಿ ಹೇಳಿಬಂದೆ. ಆ ಮಾತಿನ ಮೇಲೆ ಅಗಲದ ದೊಡ್ಡ ಯಂತ್ರ ಮಂಜೂರಾಯಿತು.

ಒಂದು ಸಣ್ಣ ಕಿರಿಕಿರಿ ಇತ್ತು. ಪುಡಿಯ ಬಾಟಲಿ ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿತ್ತು. ಅವರನ್ನು ಕೇಳಿದರೆ, "ತಳಕ್ಕ ಬಂದಾಗ ಹಂಗ ಅನಸ್ತದ್ರಿ" ಎಂದರು. ಬಾಟಲಿಗೆ ಕಡಿಮೆ ತುಂಬುತ್ತೀರಿ ಎಂದು ನಾನು ಪುಡಿ ಕಳಿಸುವ ಕಂಪನಿಗೆ ಖಾರವಾಗಿ ಪತ್ರ ಬರೆದೆ. ಕಂಪನಿಯವರು ಕ್ಷಮೆ ಕೇಳಿ ಎರಡು ಬಾಟಲಿ ಪುಕ್ಕಟೆ ಕಳಿಸಿದರು. ನನಗೆ ಭಾರಿ ಹೆಮ್ಮೆಯಾಯಿತು.

ದೊಡ್ಡ ಯಂತ್ರ ಬರುವ ಹೊತ್ತಿಗೆ ಅವರಿಗೆ ಅರವತ್ತು ತುಂಬಿತು. ಬೀಳ್ಕೊಡುವಾಗ ಅವರ ಕೈಯಿಂದಲೇ ಬಳಿದಿದ್ದ ಒಂದು ಮೀಟರ್ ಹಾಳೆಯನ್ನು ಎರಡೂ ಕಡೆ ಮುಚ್ಚಿ ಭದ್ರಮಾಡಿ, ಒಂದು ಪುಟ್ಟ ದೀಪ ಜೋಡಿಸಿ ಕೊಟ್ಟೆವು. ಭಾಷಣ ಮಾಡಿ ಎಂದರೆ ಎದ್ದು ನಿಂತು, "ಎಲ್ಲಾರೂ ಕೈ ತೊಳಕೊಂಡು ಉಣ್ರಿ, ಒಳಗ ಸೀಸ ಅದ" ಎಂದು ಕೂತರು.

ಹೊಸ ಯಂತ್ರಕ್ಕೆ ಪುಡಿಯನ್ನೂ ತಾನೇ ತೂಗಿ ಹಾಕುವ ವ್ಯವಸ್ಥೆಯಿತ್ತು. ಹತ್ತು ಎಂದು ಒತ್ತಿದರೆ ಹತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮೊದಲ ಉರುಳೆ ಹೊರಬಂದಾಗ ಮೈಯೆಲ್ಲ ತೊನ್ನು ಬಿದ್ದಂತೆ ಕಲೆ. ಬೆರಳಿಗೆ ಸುತ್ತಿದರೆ ಬಿರುಕು, ಈ ಸಲ ನನ್ನ ಕಿವಿಗೂ ಕೇಳುವಂಥದು. ಗಾಳಿ ಬದಲಿಸಿದೆ, ಬಿಸಿ ಬದಲಿಸಿದೆ, ಹಾಳೆಯ ಓಟ ಬದಲಿಸಿದೆ. ಹತ್ತನ್ನು ಮಾತ್ರ ಮುಟ್ಟಲಿಲ್ಲ, ಅದು ನನ್ನದಲ್ಲವೇ. ಮೂರು ವಾರ ಹೀಗೇ ಹೋಯಿತು. ಪುಣೆಯಿಂದ ವ್ಯವಸ್ಥಾಪಕರು ಫೋನು ಮಾಡಿ, ಮುಂದಿನ ಸೋಮವಾರ ಕೊಳ್ಳುವವರು ನೋಡಲು ಬರುತ್ತಾರೆ, ಅಂದು ಒಂದು ಉರುಳೆ ಸರಿಯಾಗಿ ತೋರಿಸದಿದ್ದರೆ ಯಂತ್ರವನ್ನು ಬಿಚ್ಚಿ ಬೇರೆ ಘಟಕಕ್ಕೆ ಒಯ್ಯುತ್ತೇವೆ ಎಂದರು. ಯಂತ್ರ ಹೋದರೆ ಹುಮನಾಬಾದಿನಲ್ಲಿ ಉಳಿಯುವುದು ಖಾಲಿ ಶೆಡ್ಡು. ಕೆಲಸ ಕಳೆದುಕೊಳ್ಳುವುದು ನಲವತ್ತು ಮಂದಿ, ಆ ನಲವತ್ತರಲ್ಲಿ ಅರ್ಧಕ್ಕರ್ಧ ಅವರೇ ತಿದ್ದಿ ತಯಾರು ಮಾಡಿ ಹೋದವರು. ನನಗೆ ನಿಜವಾಗಿ ಹೆದರಿಕೆಯಾಯಿತು.

ಶುಕ್ರವಾರ ಬಸವಕಲ್ಯಾಣಕ್ಕೆ ಹೋದೆ. ಅವರು ಪಡಸಾಲೆಯಲ್ಲಿ ಕೂತಿದ್ದರು. ನಾವು ಕೊಟ್ಟ ಹಾಳೆ ಕಂಬಕ್ಕೆ ತೂಗಾಡುತ್ತಿತ್ತು, ದೀಪ ಉರಿಯುತ್ತಿತ್ತು. ನಾನು ಎಲ್ಲವನ್ನೂ ಹೇಳುವಾಗ ಅವರು ಆ ಹಾಳೆಯನ್ನು ತೆಗೆದು ಕೈಕೋಲಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಬಂದವರಿಗೆಲ್ಲ ಹಾಗೆ ತೋರಿಸಿ ತೋರಿಸಿ ಅದರ ಅಂಚು ಸವೆದಿತ್ತು, ಬಿರುಕು ಮಾತ್ರ ಒಂದೂ ಇರಲಿಲ್ಲ.

"ಇದೂ ಅದೇ ಪುಡಿ, ಅದೇ ಹತ್ತು ಗ್ರಾಂ ಅಲ್ಲೇನ್ರಿ?" ಎಂದು ಕೇಳಿದೆ. "ಇದು ಯಾಕ ಸೀಳಂಗಿಲ್ಲ?"

ಅವರು ಹಾಳೆಯನ್ನು ಇನ್ನೊಮ್ಮೆ ಸುತ್ತಿದರು. ಆಮೇಲೆ ಕೋಲು ಕೆಳಗಿಟ್ಟು, "ನಾಳಿಗಿ ಬರ್ತೀನಿ. ನನಗ ಒಂದ್ ಸಲ ತೂಗಾಕ ಬಿಡ್ರಿ" ಎಂದರು.

ಶನಿವಾರ ಎರಡನೆಯ ಬಸ್ಸಿಗೆ ಬಂದರು. ಹಣೆ ತೊಳೆದರು, ಗೌನು ಹಾಕಿದರು. ನಿಯಮ ಮುರಿದು ನಾನೂ ತೂಕದ ಕೋಣೆಗೆ ಹೋಗಿ ಉಸಿರು ಬಿಗಿಹಿಡಿದು ಮೂಲೆಯಲ್ಲಿ ನಿಂತೆ. ಬೆಣ್ಣೆಕಾಗದದ ಮೇಲೆ ಪುಡಿ ಸುರಿದು, ಅಂಕಿ ಹತ್ತಕ್ಕೆ ನಿಂತ ಮೇಲೆ ಕಾಗದ ಎತ್ತಿ ಪಾತ್ರೆಗೆ ಹಾಕಿದರು. ಎಡಗೈ ಪುಸ್ತಕ ಎಳೆದುಕೊಂಡಿತು. ಬಲಗೈ ತಾನಾಗಿಯೇ ಚಮಚವನ್ನು ಮತ್ತೆ ಬಾಟಲಿಗೆ ಇಳಿಸಿ, ತುದಿಯಲ್ಲಿ ಒಂದಿಷ್ಟು ಪುಡಿ ಎತ್ತಿ, ಪಾತ್ರೆಯ ಮೇಲೆ ಬಂದು ನಿಂತಿತು. ನಾನು ನೋಡಿದೆ. ಅವರೂ ತಮ್ಮ ಕೈಯನ್ನು ಬೇರೆಯವರ ಕೈಯನ್ನು ನೋಡುವಂತೆ ನೋಡಿದರು.

"ಇದು ಹಮೇಶಾ ಹಾಕ್ತಿದ್ದಿರೇನ್ರಿ?" ಎಂದೆ.

"ಹೂಂ ರಿ."

"ಮತ್ತ ಬರದಿಲ್ಲಲ್ರಿ. ಸೀನಿದ್ದು ಬರದೀರಿ."

"ಕೊಸರು ಯಾರರ ಬರೀತಾರೇನ್ರಿ?" ಎಂದವರು ಅಲ್ಲೇ ಸ್ಟೂಲಿನ ಮೇಲೆ ಕೂತರು. "ಹಾಕೂದು ಗೊತ್ತಿತ್ತು. ಬರೀಬೇಕನ್ನೂದು ತಲ್ಯಾಗ ಬರಲಿಲ್ಲ. ನಿನ್ನಿ ಹಾಳಿ ಸುತ್ತೂ ಮುಂದ ಕೈ ನೆನಪಾತು."

ಹತ್ತು ಬೆಣ್ಣೆಕಾಗದ ಹರಡಿ, ಹತ್ತರ ಮೇಲೂ ಒಂದೊಂದು ಕೊಸರು ಹಾಕಲು ಹೇಳಿದೆ. ನೋಡದೆಯೇ ಹಾಕುತ್ತ ಹೋದರು. ಒಂದೊಂದನ್ನೂ ತೂಗಿದೆ. ಎಲ್ಲವೂ ಒಂದೂವರೆ ಗ್ರಾಮಿನ ಸುತ್ತಮುತ್ತ, ಸಾಸಿವೆಯಷ್ಟು ಆಚೀಚೆ. ಆಗ ಬಾಟಲಿಗಳು ನೆನಪಾದವು. ಪುಕ್ಕಟೆ ಪುಡಿ ಕಳಿಸಿ ಕ್ಷಮೆ ಕೇಳಿದವರೂ ನೆನಪಾದರು. ಹನ್ನೊಂದೂವರೆ ಎಂದು ಯಂತ್ರಕ್ಕೆ ಒತ್ತಿ ಉರುಳೆ ಓಡಿಸಿದೆವು. ಅವರು ತುದಿ ಕತ್ತರಿಸಿ ಬೆರಳಿಗೆ ಸುತ್ತಿ ಕಿವಿಗೆ ಹಿಡಿದರು. "ಸುಮ್ಮನದ" ಎಂದರು.

ಹೊರಡುವ ಮುಂಚೆ, ಹೆಚ್ಚುಕಡಿಮೆ ಬರೆಯುವ ಆ ನಮೂನೆ ಕೇಳಿದರು. ಬಸ್ಸಿನ ಹೊತ್ತಾಗಿತ್ತು. ನೀವು ಹೋಗಿರಿ, ವರದಿಯಲ್ಲಿ ನಾನೇ ಬರೆಯುತ್ತೇನೆ ಎಂದೆ. ನಂಬಿ ಹೋದರು.

ಸೋಮವಾರ ಕೊಳ್ಳುವವರು ಬಂದು ನೋಡಿ ಒಪ್ಪಿಕೊಂಡರು. ಯಂತ್ರ ಉಳಿಯಿತು. ನಾನು ವರದಿ ಬರೆದೆ. ಅದರಲ್ಲಿ ಏನಿತ್ತೆಂದರೆ, ಅಗಲದ ಹಾಳೆಗೆ ತಕ್ಕಂತೆ ಅಡಿಟಿವ್ ಪ್ರಮಾಣವನ್ನು ನಮ್ಮ ತಂಡ ಪರಿಷ್ಕರಿಸಿತು. ಅಷ್ಟೆ. ಹಳೆಯ ದಾಖಲೆಗಳಲ್ಲಿರುವ ಹತ್ತು ಎಂದೂ ಹತ್ತಾಗಿರಲಿಲ್ಲ ಎಂದು ಬರೆದಿದ್ದರೆ, ಪುಣೆಯಲ್ಲಿ ನಾನು ಎದೆ ಸೆಟೆಸಿ ಹೇಳಿದ್ದು ಸುಳ್ಳೆಂದಾಗುತ್ತಿತ್ತು.

ವಾರದ ಮೇಲೆ ಮತ್ತೆ ಅವರ ಮನೆಗೆ ಹೋದೆ. ಪೇಢೆ ಒಯ್ದಿದ್ದೆ. ಅವರು ಪೇಢೆಯ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟು, "ಏನ್ ಬರದೀರಿ, ಓದ್ರಿ" ಎಂದರು. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದೆ. ಕೇಳಿ, "ಮತ್ತ ನನ್ನ ಗಲತಿ? ನನ್ನ ತಪ್ಪು ಅದರಾಗ ಎಲ್ಲದ?" ಎಂದರು.

"ಅದು ಯಾರ ಗಲತೀನೂ ಅಲ್ರಿ. ನಿಮ್ಮ ಹೆಸರು ಕೆಡಬಾರದಂತ ಹಂಗ ಬರದೀನಿ."

"ಹಂಗ ಬರೀಬ್ಯಾಡ್ರಿ ಮೇಡಂ" ಎಂದರು. ದನಿ ಏರಿರಲಿಲ್ಲ. "ಗಲತಿ ಯಾರದೂ ಅಲ್ಲಂದ್ರ, ಹಾಕಿದ ಕೈನೂ ಯಾರದೂ ಅಲ್ಲಂದಂಗ ಆಗ್ತದ."

ಆಯಿತು, ಬದಲಿಸುತ್ತೇನೆ ಎಂದೆ. ಅವರ ಹೆಂಡತಿ ಚಹಾ ತಂದರು. ಆಮೇಲೆ ಅವರು ಈ ಮಾತನ್ನು ಮತ್ತೆ ಎತ್ತಲಿಲ್ಲ. ಅವರದು ಎರಡು ಸಲ ಕೇಳುವ ಜಾತಿಯಲ್ಲ. ನಾನು ವರದಿ ಬದಲಿಸಲಿಲ್ಲ. ಆ ವರ್ಷ ನನಗೆ ಬಡ್ತಿಯಾಯಿತು. ಹಬ್ಬಕ್ಕೆ ಫೋನು ಮಾಡುತ್ತಿದ್ದೆ, "ಹಾಳಿ ಹ್ಯಾಂಗ ಬರಾಕತ್ತದ?" ಎಂದು ಕೇಳುತ್ತಿದ್ದರು, ಸುಮ್ಮನಿದೆ ಎನ್ನುತ್ತಿದ್ದೆ. ಅವರು ತೀರಿಕೊಳ್ಳುವ ತನಕ, ಎರಡು ವರ್ಷ, ನಾನೂ ಸುಮ್ಮನಿದ್ದೆ. ನೆನೆದರೆ ನಾಚಿಕೆಯಾಗುತ್ತದೆ.

ಹೋದ ತಿಂಗಳು ಅವರನ್ನು ನಾರಾಯಣಪುರದ ದಾರಿಯಲ್ಲಿರುವ ಅವರ ಹೊಲದಲ್ಲಿ ಮಣ್ಣು ಮಾಡಿದರು. ಅವರ ಪದ್ಧತಿಯಂತೆ ಕೂರಿಸಿದ್ದರು. ಹಣೆಯ ತುಂಬ ವಿಭೂತಿ ಇತ್ತು. ಎಲ್ಲರಂತೆ ನಾನೂ ಮಣ್ಣು ಹಾಕಿ ಬಂದೆ. ಅವರ ಹೆಂಡತಿ ನನ್ನ ಕೈ ಹಿಡಿದು, "ನಿಮ್ಮ ಕಾರ್ಖಾನ್ಯಾಗ ಅವರ ಹೆಸರು ಎಲ್ಲಾ ಕಡಿ ಬರದದ ಅಂತ ಹೇಳ್ತಿದ್ರು" ಎಂದರು. ಹೌದು, ಸೀನಿನಿಂದ ಹಿಡಿದು ಎಲ್ಲ ಕಡೆ ಇತ್ತು, ಒಂದು ಕಡೆ ಬಿಟ್ಟು. ಹೌದ್ರಿ ಎಂದೆ.

ಮರುದಿನ ಆ ನಮೂನೆ ತೆಗೆದು ತುಂಬಿ ಪುಣೆಗೆ ಕಳಿಸಿದೆ. ವ್ಯವಸ್ಥಾಪಕರು ಫೋನು ಮಾಡಿ, ಹಾಳೆ ಚೆನ್ನಾಗಿ ಬರುತ್ತಿದೆ, ಕೊಳ್ಳುವವರು ಖುಷಿಯಾಗಿದ್ದಾರೆ, ಈಗ ಯಾಕೆ ಇದೆಲ್ಲ ಎಂದು ಕೇಳಿದರು. ಬರೆಯುವುದು ಬಾಕಿ ಇತ್ತು ಎಂದೆ. ನನಗೆ ನೋಟಿಸು ಬಂದಿದೆ. ಸುಳ್ಳು ವರದಿ ಕೊಟ್ಟದ್ದಕ್ಕೆ ಕಾರಣ ತಿಳಿಸಲು ಹದಿನೈದು ದಿನ ಕೊಟ್ಟಿದ್ದಾರೆ. ಆಮೇಲೆ ಏನಾಗುತ್ತದೋ ಗೊತ್ತಿಲ್ಲ.

'ಯಾರಿಂದ' ಎಂಬ ಕಾಲಂ ಇಕ್ಕಟ್ಟಾದದ್ದು. ಕೊಸರು ಹಾಕಿದವರು ಎಂದು ಅವರ ಪೂರ್ತಿ ಹೆಸರು, ತಂದೆಯ ಹೆಸರು, ಊರು ಬರೆದೆ. ಅದರ ಕೆಳಗೆ ಉಳಿದ ಜಾಗದಲ್ಲಿ, ಮುಚ್ಚಿಟ್ಟವರು ಎಂದು ನನ್ನ ಹೆಸರು. ಈ ಬರಹದಲ್ಲಿ ಅವರ ಹೆಸರನ್ನು ಎಲ್ಲಿಯೂ ಹೇಳಿಲ್ಲ. ಅದು ಇರಬೇಕಾದ ಕಡೆ ಈಗ ಇದೆ.